ಮಾತು ಹೊರಗೆ ಬಾರದ ಬಾಗಿಲು

ಜೂನ್ 18, ಬುಧವಾರ, ಬೆಳಿಗ್ಗೆ 5 ಗಂಟೆ 10 ನಿಮಿಷ. ಕಾಲೇಜಿನ ಹಿಂಬದಿಯ ಕಟ್ಟಡದ ಮೊದಲ ಮಹಡಿಯಲ್ಲಿ ಕಾರಿಡಾರಿನ ದೀಪಗಳೆಲ್ಲ ಆರಿವೆ. ಮುಚ್ಚಿದ ಬಾಗಿಲೊಂದರ ಮುಂದೆ ಐವತ್ತನಾಲ್ಕು ವರ್ಷದ ಮನುಷ್ಯರೊಬ್ಬರು ಬೋರಲಾಗಿ ಮಲಗಿದ್ದಾರೆ. ಕೆನ್ನೆ ನೆಲಕ್ಕೆ ಒತ್ತಿದೆ, ಒಂದು ಕಣ್ಣು ಮುಚ್ಚಿದೆ, ಇನ್ನೊಂದು ಬಾಗಿಲಿನ ಬುಡದಲ್ಲೇ ನೆಟ್ಟಿದೆ. ಕಿವಿಯಲ್ಲಿ ಫೋನು. ಫೋನಿನ ಆ ಕಡೆ ಇರುವುದು ಅವರ ಮಗಳು. ಅವಳು ನಿಂತಿರುವುದು ಅದೇ ಬಾಗಿಲಿನ ಆಚೆ ಬದಿಯಲ್ಲಿ, ಕೈಯಲ್ಲಿ ಟಾರ್ಚ್ ಹಿಡಿದು.

“ಅಪ್ಪ, ಇದ್ದೀಯಾ, ನಿದ್ದೆ ಹೋದ್ಯಾ?”

“ನೆಲ ತಣ್ಣಗಿದೆ, ಏಳೋಕೆ ಮನಸ್ಸಿಲ್ಲ. ಎಡಗಡೆ ಮೂಲೆಗೆ ಹಿಡಿ. ಇನ್ನೂ ಕೆಳಗೆ. ಅಲ್ಲೇ ನಿಲ್ಲಿಸು. ಒಂದು ಕೂದಲೆಳೆಯಷ್ಟು ಬೆಳಕು ಬರ್ತಿದೆ ನೋಡು.”

“ನನಗೆ ಹೇಗೆ ಕಾಣುತ್ತೆ? ನಾನು ಒಳಗಿದ್ದೀನಿ.”

“ಸರಿ ಸರಿ. ಗುರುತು ಹಾಕ್ಕೋತೀನಿ.”

ಕಿವಿಯ ಮೇಲಿದ್ದ ಪೆನ್ಸಿಲ್ ಕೈಗೆ ಬರುತ್ತದೆ. ಬಾಗಿಲಿನ ಅಂಚಿನಲ್ಲಿ ಒಂದು ಸಣ್ಣ ಗೀಟು ಬೀಳುತ್ತದೆ. ಒಂದು ಮಾರು ದೂರದಲ್ಲಿರುವವರು ಫೋನಿನಲ್ಲಿ ಮಾತಾಡುವುದು ಮೊದಲ ನೋಟಕ್ಕೆ ತಮಾಷೆಯಾಗಿ ಕಾಣುತ್ತದೆ. ಆದರೆ ಕೆಲಸ ಮುಗಿಯುತ್ತ ಬಂದಂತೆ ಅಪ್ಪನ ದನಿ ಮಗಳಿಗೆ, ಮಗಳ ದನಿ ಅಪ್ಪನಿಗೆ ಕೇಳಿಸದಾಗುತ್ತದೆ. ಕೇಳಿಸಬಾರದು ಎಂಬುದೇ ಇಲ್ಲಿನ ಕೆಲಸ. ಬೆಳಕು ತೂರುವ ಕಡೆಯಲ್ಲೆಲ್ಲ ಮಾತೂ ತೂರುತ್ತದೆ. ಹಾಗಾಗಿ ಬೆಳಕು ಹರಿಯುವ ಮೊದಲು, ಕತ್ತಲಿರುವಾಗಲೇ ಬಿರುಕುಗಳನ್ನು ಹುಡುಕಿಕೊಳ್ಳಬೇಕು. ಆ ಹೊತ್ತಿನಲ್ಲಿ ಯಾರೂ ಓಡಾಡುವುದಿಲ್ಲ, ಯಾರೂ ಏನೂ ಕೇಳುವುದಿಲ್ಲ ಎನ್ನುವುದು ಇನ್ನೊಂದು ಅನುಕೂಲ.

ಎಲ್ಲರೂ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಾರೆ. ಈ ಊರಿನ ಇನ್ನೊಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅವರು ಬಡಗಿ. ಒಂಬತ್ತಕ್ಕೆ ಅಲ್ಲಿ ಹಾಜರಿ ಹಾಕಬೇಕು. ಅಷ್ಟರೊಳಗೆ ಇಲ್ಲಿನ ಕೆಲಸ ಮುಗಿಸಿ, ಮರದ ಪುಡಿ ಗುಡಿಸಿ, ಕೈ ತೊಳೆದು ಬಸ್ಸು ಹಿಡಿಯುತ್ತಾರೆ. ಅವರು ಸಿದ್ಧ ಮಾಡುತ್ತಿರುವುದು ಆಪ್ತ ಸಮಾಲೋಚನೆಯ ಕೊಠಡಿಯನ್ನು. ಮನಸ್ಸಿಗೆ ಭಾರವಾದ ವಿದ್ಯಾರ್ಥಿಗಳು ಬಂದು ಕೂತು ಮಾತಾಡುವ ಜಾಗ ಅದು. ಅಂಥ ಐದು ಕೊಠಡಿಗಳು ಈಗಾಗಲೇ ಅವರ ಕೈಯಲ್ಲಿ ಸರಿಹೋಗಿವೆ. ಇದು ಆರನೆಯದು.

ಸ್ವಂತ ಕಾಲೇಜಿನಲ್ಲಿ ಅವರ ದಿನ ಬೇರೆಯೇ ಇರುತ್ತದೆ. ಕಾಲು ಅಲ್ಲಾಡುವ ಮೇಜು, ತೆರೆಯದ ಕಪಾಟು, ಪ್ರಯೋಗಾಲಯದಲ್ಲಿ ಆಸಿಡ್ ಬಿದ್ದು ಸುಟ್ಟ ಹಲಗೆ ಎಂದು ದಿನಕ್ಕೆ ಹತ್ತು ಹನ್ನೆರಡು ದೂರುಗಳು. “ನಮ್ಮ ಕಾಲೇಜಲ್ಲಿ ನಾನೂರಕ್ಕೂ ಜಾಸ್ತಿ ಬಾಗಿಲಿವೆ. ಒಂದೊಂದಕ್ಕೂ ಒಂದೊಂದು ಗುಣ. ಲೈಬ್ರರಿ ಬಾಗಿಲು ಚಳಿಗೆ ಸಿಡುಕುತ್ತೆ. ಪ್ರಿನ್ಸಿಪಾಲರ ಬಾಗಿಲಿಗೆ ಏನೂ ಆಗಲ್ಲ, ಅದನ್ನ ಯಾರೂ ಜೋರಾಗಿ ಹಾಕಲ್ಲವಲ್ಲ” ಎಂದು ಅವರು ನಗುತ್ತಾರೆ. ಮನೆಯಲ್ಲಿ ಹೆಂಡತಿ ಶಾಲಾ ಸಮವಸ್ತ್ರ ಹೊಲಿಯುತ್ತಾರೆ. ಒಬ್ಬಳೇ ಮಗಳು ಕಿವಿ ಆಸ್ಪತ್ರೆಯೊಂದರಲ್ಲಿ ಶ್ರವಣ ಪರೀಕ್ಷೆಯ ತಂತ್ರಜ್ಞೆ. ದಿನವಿಡೀ ಸದ್ದು ನುಗ್ಗದ ಪೆಟ್ಟಿಗೆಯಂಥ ಕೋಣೆಯಲ್ಲಿ ಜನರನ್ನು ಕೂರಿಸಿ, ಅವರಿಗೆ ಎಷ್ಟು ಸಣ್ಣ ಸದ್ದು ಕೇಳಿಸುತ್ತದೆ ಎಂದು ಅಳೆಯುವುದು ಅವಳ ಕೆಲಸ. ಅಪ್ಪನಿಗೆ ಈ ವಿದ್ಯೆ ಕಲಿಸಿದ್ದು ತಾನೇ ಎಂದು ಅವಳು ಹೇಳಿಕೊಳ್ಳುತ್ತಾಳೆ. ಅಪ್ಪ ಅಲ್ಲಗಳೆಯುವುದಿಲ್ಲ.

ಈ ಕೆಲಸ ಶುರುವಾದದ್ದು ಎರಡು ವರ್ಷಗಳ ಹಿಂದೆ, ಅವರದೇ ಕಾಲೇಜಿನ ಸಮಾಲೋಚನಾ ಕೊಠಡಿಯಿಂದ. ಶುರುವಾದದ್ದು ಒಂದು ತಪ್ಪಿನಿಂದ ಎಂದು ಮೇಸ್ತ್ರಿ ಯಾರ ಮುಂದೆಯೂ ಮುಚ್ಚಿಡದೆ ಹೇಳುತ್ತಾರೆ. ತಪ್ಪು ಅವರದೇ.

ಆ ಕೊಠಡಿಯಲ್ಲಿ ಕೂರುವ ಸಮಾಲೋಚಕಿ ಹತ್ತು ವರ್ಷಗಳ ಅನುಭವವಿರುವವರು. ಪರೀಕ್ಷೆಯ ಭಯ, ಮನೆಯ ಜಗಳ, ಮುರಿದ ಪ್ರೀತಿ ಎಂದು ಎಲ್ಲ ಬಗೆಯವರೂ ಅವರಲ್ಲಿಗೆ ಬರುತ್ತಾರೆ. ಅವರಲ್ಲಿ ಕೆಲವರು ಸಲಿಂಗ ಪ್ರೇಮಿಗಳು, ಕೆಲವರು ಹುಟ್ಟಿನಿಂದ ಗಂಡು ಅಥವಾ ಹೆಣ್ಣು ಎಂದು ಕರೆಸಿಕೊಂಡರೂ ತಮ್ಮನ್ನು ಹಾಗೆ ಕಾಣದವರು. “ಬೇರೆ ಮಕ್ಕಳು ಸಮಸ್ಯೆ ಹೇಳ್ಕೊಳ್ಳೋಕೆ ಬರ್ತಾರೆ. ಈ ಮಕ್ಕಳು ಮೊದಲು ತಾವು ಯಾರು ಅಂತ ಹೇಳಬೇಕು, ಆಮೇಲೆ ಸಮಸ್ಯೆ. ಆ ಮೊದಲನೇ ವಾಕ್ಯಕ್ಕೆ ಕೆಲವರು ಮೂರು ಸಲ ಬಂದು ಹೋಗ್ತಾರೆ. ಬಂದು ಹವಾಮಾನದ ಬಗ್ಗೆ ಮಾತಾಡ್ತಾರೆ, ಎದ್ದು ಹೋಗ್ತಾರೆ. ನಾಲ್ಕನೇ ಸಲ ಹೇಳ್ತಾರೆ” ಎನ್ನುತ್ತಾರೆ ಸಮಾಲೋಚಕಿ. ಆ ವಾಕ್ಯ ಕೊಠಡಿಯಿಂದ ಹೊರಗೆ ಹೋದರೆ ಹಾಸ್ಟೆಲು, ತರಗತಿ, ಮನೆ ಎಲ್ಲವೂ ಒಂದೇ ದಿನದಲ್ಲಿ ಕೈತಪ್ಪಬಹುದು. ಹಾಗಾಗಿ ಸಹಾಯ ಇದ್ದೂ ಅದು ಸಿಗದೇ ಹೋಗುವುದು ಈ ವಿದ್ಯಾರ್ಥಿಗಳಿಗೇ ಹೆಚ್ಚು.

ಹಾಗೆ ನಾಲ್ಕನೇ ಸಲಕ್ಕೆ ಹೇಳಿದವರಲ್ಲಿ ಎರಡನೇ ವರ್ಷದ ಒಬ್ಬ ಹುಡುಗಿ ಇದ್ದಳು. ಕಾಲೇಜಿನ ಬ್ಯಾಡ್ಮಿಂಟನ್ ಆಟಗಾರ್ತಿ. ಗೆಳತಿಯರು ಅವಳನ್ನು ಶಟಲ್ ಎನ್ನುತ್ತಾರೆ. ಇಲ್ಲೂ ಹಾಗೇ ಬರೆಯಿರಿ ಎಂದಿದ್ದಾಳೆ. ತನಗೆ ಹುಡುಗಿಯರ ಮೇಲೆ ಪ್ರೀತಿ ಎಂದು ಅವಳು ಮೊದಲ ಬಾರಿ ಬಾಯಿಬಿಟ್ಟು ಹೇಳಿದ್ದು ಆ ಕೊಠಡಿಯಲ್ಲಿ. ನಿದ್ದೆ ಬಾರದ ರಾತ್ರಿಗಳ ಬಗ್ಗೆ, ಅನ್ನ ಸೇರದ ದಿನಗಳ ಬಗ್ಗೆ ಹೇಳಿದ್ದೂ ಅಲ್ಲಿಯೇ. ಸಮಾಲೋಚಕಿ ಅವಳನ್ನು ಮನೋವೈದ್ಯರಲ್ಲಿಗೆ ಕಳಿಸಿದ್ದರು. ಮಾತ್ರೆ ಶುರುವಾಗಿತ್ತು. ಎರಡು ತಿಂಗಳಲ್ಲಿ ನಿದ್ದೆ ಮರಳತೊಡಗಿತ್ತು.

ಒಂದು ಸೋಮವಾರ ಮಧ್ಯಾಹ್ನ ಅವಳು ಒಳಗೆ ಕೂತು ತಾನು ಯಾರನ್ನು ಪ್ರೀತಿಸುತ್ತೇನೆ ಎಂದು ಹೇಳಿದಳು. ಆ ಸಂಜೆಯೇ ಹಾಸ್ಟೆಲಿನ ಊಟದ ಹಾಲಿನಲ್ಲಿ ಅವಳ ಸುತ್ತಲಿನ ಕುರ್ಚಿಗಳು ಖಾಲಿಯಾದವು. ಮರುದಿನ ಡಬಲ್ಸ್ ಜೊತೆಗಾತಿ ಕೋಚ್ ಹತ್ತಿರ ಹೋಗಿ ಬೇರೆ ಜೋಡಿ ಕೇಳಿದಳು. ವಿಷಯ ಬಲ್ಲವರು ಇಡೀ ಜಗತ್ತಿನಲ್ಲಿ ಇಬ್ಬರೇ, ಅವಳು ಮತ್ತು ಸಮಾಲೋಚಕಿ. ಹಾಗಾದರೆ ಹೇಳಿದ್ದು ಯಾರು? ಶಟಲ್ ಲೆಕ್ಕ ಹಾಕಿದಳು. ಉತ್ತರ ಒಂದೇ ಬರುತ್ತಿತ್ತು.

“ನಾನು ಮೇಡಂನ ಕೇಳೋಕೂ ಹೋಗಲಿಲ್ಲ. ಕೇಳಿ ಏನು ಮಾಡೋದು? ಹೋಗೋದು ನಿಲ್ಲಿಸಿದೆ, ಅಷ್ಟೇ. ಅವರು ಹೇಳಿದ ಡಾಕ್ಟರು ಅಂತ ಡಾಕ್ಟರ ಹತ್ರ ಹೋಗೋದೂ ಬಿಟ್ಟೆ. ಮಾತ್ರೇನೂ ಬಿಟ್ಟೆ. ನಿದ್ದೇನೂ ಹೋಯ್ತು” ಎಂದು ಶಟಲ್ ಈಗ ನೆನೆಯುತ್ತಾಳೆ. ಅವಳೊಬ್ಬಳೇ ಅಲ್ಲ. ‘ಮೇಡಂ ಬಾಯಿ ಗಟ್ಟಿಯಿಲ್ಲ’ ಎಂಬ ಮಾತು ಕಾಲೇಜಿನ ಕ್ಯಾಂಟೀನಿನಿಂದ ಹೊರಟು ಎಲ್ಲೆಡೆ ತಿರುಗಿತು. ಆಮೇಲೆ ತಿಂಗಳುಗಟ್ಟಲೆ ಅಂಥ ಒಬ್ಬ ವಿದ್ಯಾರ್ಥಿಯೂ ಆ ಕೊಠಡಿಯ ಮೆಟ್ಟಿಲು ಹತ್ತಲಿಲ್ಲ. ಸಮಾಲೋಚಕಿಗೆ ತಾನು ಹೇಳಿಲ್ಲವೆಂದು ಗೊತ್ತು. ಆದರೆ ಹಾಗೆಂದು ಯಾರ ಮುಂದೆ ಸಾಧಿಸುವುದು? ಶಟಲ್‌ಳನ್ನು ಕರೆಸಿ ಮಾತಾಡಿದರೆ, ಕರೆಸಿದ್ದೇ ಇನ್ನೊಂದು ಸುದ್ದಿಯಾಗುತ್ತದೆ. “ರಾತ್ರಿ ಕೂತು ಯೋಚನೆ ಮಾಡ್ತಿದ್ದೆ. ಮನೆಯಲ್ಲಿ ನಿದ್ದೆಗಣ್ಣಲ್ಲಿ ಏನಾದ್ರೂ ಅಂದೆನಾ, ಫೋನಲ್ಲಿ ಯಾರ ಹತ್ರ ಆದ್ರೂ ಅಂದೆನಾ ಅಂತ. ನನ್ನ ಮೇಲೆ ನನಗೇ ಅನುಮಾನ ಬಂತು” ಎನ್ನುತ್ತಾರೆ ಅವರು.

ಐದು ತಿಂಗಳು ಕಳೆದ ಮೇಲೆ ಮೇಸ್ತ್ರಿ ಆ ಮಹಡಿಗೆ ಹೋದದ್ದು ಬೆಂಚು ಸರಿಮಾಡಲು. ಕೊಠಡಿಯ ಹೊರಗೆ ಗೋಡೆಗೆ ತಾಗಿಸಿದ ಒಂದು ಬೆಂಚಿದೆ, ಪಕ್ಕದ ಕಚೇರಿಯಲ್ಲಿ ಸಹಿ ಹಾಕಿಸಲು ಬಂದವರೂ ಅದರ ಮೇಲೇ ಕಾಯುತ್ತಾರೆ. ಒಂದು ಕಾಲು ಸಡಿಲವಾಗಿತ್ತು. ಮೊಳೆ ಹೊಡೆದು, ಗಟ್ಟಿಯಾಯಿತೋ ಎಂದು ನೋಡಲು ಅವರು ಬೆಂಚಿನ ಮೇಲೆ ಕೂತರು. ಒಳಗೆ ಸಮಾಲೋಚಕಿ ತಮ್ಮ ತಾಯಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಕಾಲು ನೋವಿನ ಮಾತ್ರೆ, ನೀರಿನ ಮೋಟಾರು, ಮೇಲಿನ ಮನೆಯವರ ನಾಯಿ. ಒಂದೊಂದು ಪದವೂ ಪಕ್ಕದಲ್ಲಿ ಕೂತು ಹೇಳಿದಂತೆ ಕೇಳಿಸಿತು.

ಮೇಸ್ತ್ರಿ ಕಣ್ಣು ತಾನಾಗಿ ಬಾಗಿಲಿನ ಬುಡಕ್ಕೆ ಹೋಯಿತು.

“ಅದನ್ನ ನೋಡಿದ ಕೂಡ್ಲೇ ನನ್ನ ಕೈಯಿ ಅಂತ ಗೊತ್ತಾಯ್ತು. ಹೋದ ಮಳೆಗಾಲದಲ್ಲಿ ಆ ಬಾಗಿಲು ತೇವಕ್ಕೆ ಉಬ್ಬಿತ್ತು. ನೆಲಕ್ಕೆ ಉಜ್ಜಿ ಕಿರಕಿರ ಅಂತಿತ್ತು. ತಳ ಕೆರೆದು ಕೊಡು ಅಂದ್ರು. ಮತ್ತೆ ಮತ್ತೆ ಬರೋದು ಯಾಕೆ ಅಂತ ಧಾರಾಳವಾಗಿ ಹತ್ತರಿ ಹೊಡೆದೆ. ನಾಲ್ಕು ನೂಲು, ಅಂದ್ರೆ ಅರ್ಧ ಇಂಚು. ಬಾಗಿಲು ಹೂವಿನ ಹಾಗೆ ಓಡಾಡ್ತು. ಎಲ್ರೂ ಶಹಬ್ಬಾಸ್ ಅಂದ್ರು.”

ಬಡಗಿಯ ದೃಷ್ಟಿಯಲ್ಲಿ ಅದು ಒಳ್ಳೆಯ ಕೆಲಸವೇ. ಸಲೀಸಾಗಿ ತಿರುಗುವ ಬಾಗಿಲು ಅಂದರೆ ಸರಿಯಾದ ಬಾಗಿಲು. ಅದರಾಚೆ ಯಾರು ಕೂತು ಏನು ಹೇಳುತ್ತಾರೆ ಎಂದು ಹತ್ತರಿ ಹಿಡಿದವರು ಯೋಚಿಸುವುದಿಲ್ಲ. ಅರ್ಧ ಇಂಚಿನ ಸಂದು ಬಾಗಿಲಿನ ಒಟ್ಟು ಅಳತೆಯಲ್ಲಿ ನೂರಕ್ಕೆ ಒಂದು ಪಾಲೂ ಅಲ್ಲ. ಆದರೆ ಸದ್ದಿಗೆ ಅಷ್ಟು ಸಾಕು. ಒಂದು ಸಣ್ಣ ಸಂದು ಬಿಟ್ಟರೆ ಉಳಿದ ಬಾಗಿಲು ಎಷ್ಟು ದಪ್ಪವಿದ್ದರೂ ಹೆಚ್ಚು ಲಾಭವಿಲ್ಲ.

ಮೇಸ್ತ್ರಿ ಬಾಗಿಲು ತಟ್ಟಿ ಒಳಗೆ ಹೋದರು. ಅಲ್ಲಿ ನಡೆದ ಮಾತನ್ನು ಇಬ್ಬರೂ ಒಂದೇ ರೀತಿ ಹೇಳುತ್ತಾರೆ.

“ಮೇಡಂ, ನಿಮ್ಮ ತಾಯಿಗೆ ಕಾಲು ನೋವಾ?”

“ನಿಮಗೆ ಯಾರು ಹೇಳಿದ್ರು ಮೇಸ್ತ್ರಿ?”

“ನೀವೇ. ಈಗ. ನಾನು ಹೊರಗೆ ಬೆಂಚಿನ ಮೇಲಿದ್ದೆ.” ಆಮೇಲೆ ಅವರು ತಲೆ ತಗ್ಗಿಸಿ ಹೇಳಿದರಂತೆ: “ಆ ಹುಡುಗಿ ವಿಷಯ ಹೊರಗೆ ಹಾಕಿದ್ದು ನೀವಲ್ಲ ಮೇಡಂ. ಈ ಬಾಗಿಲು. ಇದರ ತಳ ಕೆರೆದಿದ್ದು ನಾನು.”

ಸಮಾಲೋಚಕಿ ಎದ್ದು ಬಂದು ಬಾಗಿಲಿನ ಬುಡ ನೋಡಿದರು. ಆಮೇಲೆ ಅತ್ತರು. “ಬೈತಾರೆ ಅಂದ್ಕೊಂಡೆ. ಇವರು ಅಳ್ತಾ ಥ್ಯಾಂಕ್ಸ್ ಅಂತಿದ್ದಾರೆ” ಎನ್ನುತ್ತಾರೆ ಮೇಸ್ತ್ರಿ.

ನಿರ್ವಹಣಾ ವಿಭಾಗದ ಮೇಲ್ವಿಚಾರಕರಿಗೆ ವಿಷಯ ತಿಳಿಸಿದಾಗ ಬುಡಕ್ಕೊಂದು ರಬ್ಬರ್ ಪಟ್ಟಿ ಬಡಿ ಎಂದರು. ಬಡಿದರು. ಅರ್ಧ ಸದ್ದು ನಿಂತಿತು, ಅರ್ಧ ಬರುತ್ತಲೇ ಇತ್ತು. ಮನೆಯಲ್ಲಿ ಊಟಕ್ಕೆ ಕೂತಾಗ ಮಗಳ ಮುಂದೆ ಪೇಚಾಡಿಕೊಂಡರು. ಮಾತಿಗೆ ಮಾತು ಸೇರಿ ಆ ವಿದ್ಯಾರ್ಥಿನಿಯ ವಿಷಯವೂ ಬಂತು.

“ನನಗೆ ಆವಾಗ ತಲೆಗೆ ಹತ್ತಿರಲಿಲ್ಲ” ಎಂದು ಮೇಸ್ತ್ರಿ ಒಪ್ಪಿಕೊಳ್ಳುತ್ತಾರೆ. “ಹುಡುಗಿ ಹುಡುಗೀನ ಇಷ್ಟಪಡೋದು ಅಂದ್ರೆ ಏನೋ ಚೇಷ್ಟೆ ಅಂತಿದ್ದೆ. ನಾಲ್ಕು ದಿನ ಹೋದ್ರೆ ಸರಿಹೋಗುತ್ತೆ ಬಿಡು ಅಂದೆ.”

ಮಗಳು ತಟ್ಟೆಯಿಂದ ತಲೆ ಎತ್ತಲಿಲ್ಲವಂತೆ. “ಅಪ್ಪ, ನಮ್ಮ ಆಸ್ಪತ್ರೆಗೆ ಬರೋರಿಗೆ ಕಿವಿ ಕೇಳಿಸಲ್ಲ. ನಿನಗೆ ಕೇಳಿಸುತ್ತೆ, ಆದ್ರೂ ಕೇಳಿಸ್ಕೊಳ್ಳಲ್ಲ. ನಿನಗೆ ಯಾವ ಮಿಷನ್ ಹಾಕೋದು?”

ಹೆಂಡತಿ ಹೊಲಿಗೆ ಯಂತ್ರದ ಪಕ್ಕದಿಂದಲೇ ಸೇರಿಸಿದರು. “ನಮ್ಮದು ದೊಡ್ಡವರು ನೋಡಿ ಮಾಡಿದ ಮದುವೆ ಏನಲ್ಲವಲ್ಲರೀ. ಆವಾಗ ನಿಮ್ಮಪ್ಪನೂ ನಾಲ್ಕು ದಿನ ಹೋದ್ರೆ ಸರಿಹೋಗುತ್ತೆ ಅಂತಿದ್ರು. ಸರಿಹೋದ್ರಾ ನೀವು?”

ಮುಂದಿನ ಭಾನುವಾರ ಮಗಳು ಸದ್ದು ಅಳೆಯುವ ಮೀಟರನ್ನು ಚೀಲದಲ್ಲಿಟ್ಟುಕೊಂಡು ಅಪ್ಪನ ಜೊತೆ ಕಾಲೇಜಿಗೆ ಹೋದಳು. ಒಳಗೆ ಸಾಧಾರಣ ಮಾತು ಅರವತ್ತು ಡೆಸಿಬಲ್. ಪಟ್ಟಿ ಬಡಿದ ಮೇಲೂ ಬೆಂಚಿನ ಬಳಿ ನಲವತ್ತೇಳು. ಮೌನವಾದ ಕಾರಿಡಾರಿನಲ್ಲಿ ಮಾತು ಅರ್ಥವಾಗಲು ಅದು ಬೇಕಾದಷ್ಟಾಯಿತು.

ಆಮೇಲಿನ ಎರಡು ತಿಂಗಳು ಅವರ ಬೆಳಗುಗಳೆಲ್ಲ ಆ ಬಾಗಿಲಿಗೇ ಹೋದವು. ಹಳೆಯ ಬಾಗಿಲನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದರು, ಒಳಗೆ ಟೊಳ್ಳು. ವರ್ಕ್‌ಶಾಪಿನಲ್ಲಿ ಬಿದ್ದಿದ್ದ ಹಳೆಯ ಪ್ರಯೋಗಾಲಯದ ಮೇಜಿನ ಹಲಗೆಗಳನ್ನು ಜೋಡಿಸಿ ಘನವಾದ ಬಾಗಿಲು ಮಾಡಿದರು. ಅದರ ತಳದಲ್ಲಿ ಉದ್ದಕ್ಕೂ ಒಂದು ತೋಡು ಕೊರೆದು, ಉಣ್ಣೆಯ ಅಂಚಿದ್ದ ಮರದ ಪಟ್ಟಿ ಕೂರಿಸಿದರು. ಬಾಗಿಲು ಮುಚ್ಚಿದಾಗ ಪಟ್ಟಿ ಕೆಳಗಿಳಿದು ನೆಲಕ್ಕೆ ಒತ್ತಿಕೊಳ್ಳುತ್ತದೆ, ತೆರೆದಾಗ ಸ್ಪ್ರಿಂಗು ಅದನ್ನು ಮೇಲೆತ್ತುತ್ತದೆ. ಹೀಗಾಗಿ ಬಾಗಿಲು ಉಜ್ಜುವುದೂ ಇಲ್ಲ, ಸಂದೂ ಇಲ್ಲ. ಬಾಗಿಲಿನ ಮೇಲಿದ್ದ ವೆಂಟಿಲೇಟರನ್ನು ಮುಚ್ಚಿದರು. ಪಕ್ಕದ ಕಚೇರಿಯ ಕಡೆಗೆ ಬೆನ್ನಿಗೆ ಬೆನ್ನು ಕೊಟ್ಟಿದ್ದ ಸ್ವಿಚ್ಚಿನ ಪೆಟ್ಟಿಗೆಗಳ ಹಿಂದೆ ತೂತಿರುವುದು ಟಾರ್ಚಿನ ಬೆಳಕಲ್ಲಿ ಕಂಡಿತು. ಎಲೆಕ್ಟ್ರಿಷಿಯನ್ ಬಂದು ಒಂದನ್ನು ಪಕ್ಕಕ್ಕೆ ಸರಿಸಿಕೊಟ್ಟರು.

ಎಲ್ಲ ಮುಚ್ಚಿದ ಮೇಲೆ ಹೊಸ ಪೇಚು ಬಂತು. ಅರ್ಧ ಗಂಟೆ ಒಳಗೆ ಕೂತ ಸಮಾಲೋಚಕಿ ಹಣೆ ಒತ್ತಿಕೊಂಡು ಹೊರಗೆ ಬಂದರು. ಗಾಳಿಯೇ ಇರಲಿಲ್ಲ.

“ರೂಮ್ ಮಾಡು ಅಂದ್ರೆ ಬಿಸ್ಕತ್ತಿನ ಡಬ್ಬ ಮಾಡಿದ್ದೀಯಲ್ಲಪ್ಪ” ಎಂದಳು ಮಗಳು. “ಮನಸ್ಸಿನ ಭಾರ ಇಳಿಸೋಕೆ ಬಂದೋರು ತಲೆ ತಿರುಗಿ ಬೀಳ್ತಾರೆ.”

ಆಸ್ಪತ್ರೆಯ ಪರೀಕ್ಷಾ ಕೋಣೆಗೆ ಗಾಳಿ ಬರುವ ದಾರಿಯನ್ನು ಅವಳು ಅಪ್ಪನಿಗೆ ತೋರಿಸಿದಳು. ನೇರವಾದ ಕೊಳವೆಯಲ್ಲ, ಅಂಕುಡೊಂಕು. ಮೇಸ್ತ್ರಿ ಮರದಲ್ಲಿ ನಾಲ್ಕು ತಿರುವಿನ ಪೆಟ್ಟಿಗೆ ಮಾಡಿ, ಒಳಮೈಗೆ ಹಳೆಯ ಕಂಬಳಿ ಅಂಟಿಸಿ, ಮುಚ್ಚಿದ್ದ ವೆಂಟಿಲೇಟರಿನ ಜಾಗದಲ್ಲಿ ಕೂರಿಸಿದರು. ಕಂಬಳಿಯನ್ನು ಅಳತೆಗೆ ಕತ್ತರಿಸಿ ಹೊಲಿದುಕೊಟ್ಟದ್ದು ಹೆಂಡತಿ. “ಗಾಳಿಗೆ ತಿರುಗಿ ತಿರುಗಿ ಹೋಗೋಕೆ ಬೇಜಾರಿಲ್ಲ. ಮಾತು ಹಾಗಲ್ಲ. ಪ್ರತಿ ತಿರುವಿಗೂ ಗೋಡೆಗೆ ಮುಖ ಹೊಡ್ಕೊಂಡು ಸುಸ್ತಾಗುತ್ತೆ” ಎಂದು ಮೇಸ್ತ್ರಿ ವಿವರಿಸುತ್ತಾರೆ. ನನಗೆ ಗೊತ್ತಿರುವ ಯಾವ ಪಠ್ಯಪುಸ್ತಕವೂ ಇದಕ್ಕಿಂತ ಚಿಕ್ಕದಾಗಿ ಹೇಳಿಲ್ಲ.

ಕೊಠಡಿ ಸಿದ್ಧವಾಯಿತು. ಬರುವವರೇ ಇರಲಿಲ್ಲ. ಬಾಗಿಲು ಬದಲಾದರೆ ಸುದ್ದಿ ಬದಲಾಗುವುದಿಲ್ಲ. ಮೇಡಂ ಬಾಯಿ ಗಟ್ಟಿಯಿಲ್ಲ ಎಂದು ನಂಬಿದವರಿಗೆ ಬಾಗಿಲು ಗಟ್ಟಿಯಾದರೆ ಏನು ಬಂತು? ಅಷ್ಟರಲ್ಲಿ ಶಟಲ್ ತರಗತಿಗಳನ್ನೂ ತಪ್ಪಿಸತೊಡಗಿದ್ದಳು. ಅಂಕಣಕ್ಕೆ ಮಾತ್ರ ಬಂದು, ಒಬ್ಬಳೇ ಗೋಡೆಗೆ ಹೊಡೆದು ಆಡಿ ಹೋಗುತ್ತಿದ್ದಳು. ಕೋಚ್ ಮುಖದಲ್ಲಿ ಚಿಂತೆ ಕಂಡ ಮೇಸ್ತ್ರಿಗೆ ಸುಮ್ಮನಿರಲಾಗಲಿಲ್ಲ. ಪ್ರೇಕ್ಷಕರ ಕಟ್ಟೆಯ ಮುರಿದ ಹಲಗೆ ಬದಲಿಸುವ ನೆಪದಲ್ಲಿ ಅಲ್ಲಿಗೆ ಹೋದರು.

“ಒಂದು ಮಾತು ಹೇಳಬೇಕಿತ್ತಮ್ಮ.”

“ಹೇಳಿ ಅಂಕಲ್.”

“ಆ ಸಮಾಲೋಚನೆ ರೂಮಿನ ವಿಷಯ.”

ಅವಳು ರಾಕೆಟ್ಟನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. “ಓಹೋ. ಬಡಗಿ ತನಕ ಬಂತಾ ಸುದ್ದಿ?”

“ನನ್ನಿಂದಲೇ ಹೊರಟಿದ್ದಮ್ಮ ಅದು.”

ಅವರು ಹತ್ತರಿಯ ಕತೆ ಹೇಳಿದರು, ಬೆಂಚಿನ ಕತೆ ಹೇಳಿದರು. ಅವಳು ಪೂರ್ತಿ ಕೇಳಿದಳು, ಆದರೆ ನಂಬಲಿಲ್ಲ.

“ಮೇಡಂ ಕಳಿಸಿದ್ರಾ?”

“ಇಲ್ಲ. ಗೊತ್ತಾದ್ರೆ ಬೈತಾರೆ.”

“ತಪ್ಪೆಲ್ಲ ಬಾಗಿಲಿಂದು ಅಂತ ಹೇಳಿದ್ರೆ ಎಲ್ರಿಗೂ ಅನುಕೂಲ ಅಲ್ವಾ ಅಂಕಲ್? ಬಾಗಿಲಿಗೆ ಬೇಜಾರಾಗಲ್ಲ.”

“ಬಂದು ಬೆಂಚಿನ ಮೇಲೆ ಕೂತು ನೋಡು.”

“ಕೂತ್ರೆ ಈಗ ಏನು ಕೇಳಿಸುತ್ತೆ? ಸರಿ ಮಾಡಿಬಿಟ್ಟಿದ್ದೀರಲ್ಲ.”

ಮೇಸ್ತ್ರಿ ಸುತ್ತಿಗೆ ಎತ್ತಿಕೊಂಡು ಹೊರಟರು. ಸಾಕ್ಷಿಯಾಗಬೇಕಿದ್ದ ಸಂದನ್ನು ಅವರೇ ಎರಡು ತಿಂಗಳು ಕೂತು ಅಳಿಸಿಹಾಕಿದ್ದರು. ವರ್ಕ್‌ಶಾಪಿಗೆ ಮರಳಿದಾಗ ಗೋಡೆಗೆ ಒರಗಿದ್ದ ಹಳೆಯ ಬಾಗಿಲು ಕಂಡಿತು. ಇನ್ನೇನು ಸೀಳಿ ಕಪಾಟಿನ ಹಲಗೆ ಮಾಡಬೇಕೆಂದಿದ್ದರು. ಮಾಡಿರಲಿಲ್ಲ. ಸಂಜೆ ಮನೆಗೆ ಹೋಗಿ ಹೊಸ ಬಾಗಿಲು ಬಿಚ್ಚುತ್ತೇನೆ ಎಂದಾಗ ಮಗಳು ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದಳಂತೆ.

ಸಮಾಲೋಚಕಿಗೆ ವಿಷಯ ತಿಳಿದಾಗ ನಿಜವಾಗಿಯೂ ಬೈದರು. ವಿದ್ಯಾರ್ಥಿನಿಯನ್ನು ಹಾಗೆ ಹುಡುಕಿಕೊಂಡು ಹೋಗಬಾರದಿತ್ತು, ಮೇಸ್ತ್ರಿ, ಎಂದರು. ಮೇಸ್ತ್ರಿ ಒಪ್ಪಿದರು. “ಅವರು ಹೇಳಿದ್ದು ಸರಿ. ಆದ್ರೆ ನಾನು ಹೋಗಿದ್ದೂ ಆಗಿತ್ತು. ಇನ್ನು ಅವಳು ಬಂದ್ರೆ ತೋರಿಸೋದು, ಬರದೇ ಇದ್ರೆ ಬಾಗಿಲು ಮತ್ತೆ ಹಾಕಿ ಸುಮ್ಮನಾಗೋದು ಅಂತ ಮಾತಾಯ್ತು.” ಯಾವ ದಿನ, ಎಷ್ಟು ಹೊತ್ತಿಗೆ ಎಂದು ಕೋಚ್ ಮೂಲಕ ಒಂದೇ ಸಾಲಿನ ಸಂದೇಶ ಹೋಯಿತು. ಉತ್ತರ ಬರಲಿಲ್ಲ.

ಆ ಬೆಳಿಗ್ಗೆ ಅಪ್ಪ ಮಗಳು ಸೇರಿ ಹೊಸ ಬಾಗಿಲನ್ನು ಕೀಲಿನಿಂದ ಬಿಚ್ಚಿ ಗೋಡೆಗೆ ಒರಗಿಸಿದರು. ಟೊಳ್ಳು ಬಾಗಿಲನ್ನು ಅದರ ಜಾಗದಲ್ಲಿ ತೂಗುಹಾಕಿದರು. ರಬ್ಬರ್ ಪಟ್ಟಿಯನ್ನೂ ಕಿತ್ತರು. ತಿರುವಿನ ಪೆಟ್ಟಿಗೆಯ ಮುಂದಿನ ಹಲಗೆ ತೆಗೆದರು. ಆರು ಗಂಟೆಯ ಹೊತ್ತಿಗೆ ಮೆಟ್ಟಿಲಿನಲ್ಲಿ ಬೂಟಿನ ಸದ್ದಾಯಿತು. ಶಟಲ್ ಅಭ್ಯಾಸದ ಬಟ್ಟೆಯಲ್ಲೇ ಬಂದಿದ್ದಳು.

ಮುಂದಿನದನ್ನು ಅವಳೇ ಹೇಳಬೇಕು. “ಅಂಕಲ್ ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ನಾನು ಬೆಂಚಿನ ಮೇಲೆ ಕೂತೆ. ಕೂಗಿ ಏನೂ ಹೇಳಲಿಲ್ಲ, ಮಾಮೂಲಿ ದನೀಲಿ ಮಾತಾಡಿದ್ರು. ‘ನಾನು ಈ ಕಾಲೇಜಿನ ಬಡಗಿ. ಈ ಬಾಗಿಲಿನ ತಳ ಜಾಸ್ತಿ ಕೆರೆದೆ. ಆಚೆ ಒಬ್ಬಳು ಹುಡುಗಿ ಕೂತು ಅಳ್ತಾಳೆ ಅಂತ ನನಗೆ ಹೊಳೀಲಿಲ್ಲ. ಅವಳದ್ದು ಚೇಷ್ಟೆ ಅಂತಾನೂ ಅಂದುಬಿಟ್ಟಿದ್ದೆ. ನನ್ನ ಮಗಳು ನನಗೆ ಬುದ್ಧಿ ಹೇಳಿದ್ಲು.’ ಒಂದಕ್ಷರ ಬಿಡದೆ ಕೇಳಿಸ್ತು. ಆವತ್ತು ಆ ಬೆಂಚಿನ ಮೇಲೆ ಇದ್ದೋರಿಗೂ ಹೀಗೇ ಕೇಳಿಸಿರುತ್ತೆ ಅಂತ ಗೊತ್ತಾಯ್ತು. ಏಳು ತಿಂಗಳು ಮೇಡಂನ ಬೈಕೊಂಡು ಓಡಾಡಿದ್ದೆ.”

ಆಮೇಲೆ ಬಾಗಿಲು ಬದಲಿಸುವ ಕೆಲಸ. ಹೊಸದು ಭಾರ, ಮೂವರ ಕೈಯೂ ಬೇಕಾಯಿತು. ಶಟಲ್ ಕೆಳಗಿನ ಮೂಲೆಯನ್ನು ಎತ್ತಿ ಹಿಡಿದಳು, ಮೇಸ್ತ್ರಿ ಸ್ಕ್ರೂ ತಿರುಗಿಸಿದರು. “ಸರ್ವಿಸ್ ಹೊಡೆಯೋ ಕೈ ಅಲ್ವಾ, ಅಲ್ಲಾಡಬಾರದು” ಎಂದರು. “ಅಂಕಲ್, ನೀವು ಬೇಗ ತಿರುಗಿಸಿ, ಕೈ ಅಲ್ಲಾಡಲ್ಲ” ಎಂದಳು. ಪೆಟ್ಟಿಗೆಯ ಹಲಗೆಯೂ ಮರಳಿ ಕೂತಿತು. ಮೇಸ್ತ್ರಿ ಮತ್ತೆ ಒಳಗೆ ಹೋಗಿ ಬಾಗಿಲು ಮುಚ್ಚಿದರು.

ಶಟಲ್ ಕಾದಳು. ಮಾತು ಇನ್ನೂ ಶುರುವಾಗಿಲ್ಲ ಎಂದುಕೊಂಡು ಇನ್ನೂ ಕಾದಳು. ಬಾಗಿಲು ತೆರೆಯಿತು.

“ಯಾವಾಗ ಶುರು ಮಾಡ್ತೀರಾ ಅಂಕಲ್?”

“ಮುಗೀತು.”

“ಮುಗೀತಾ? ಏನು ಹೇಳಿದ್ರಿ?”

“ಅದು ಒಳಗೆ ಹೇಳಿದ ಮಾತಮ್ಮ. ಹೊರಗೆ ಹೇಳಲ್ಲ.”

ಎಷ್ಟೋ ತಿಂಗಳ ನಂತರ ತಾನು ನಕ್ಕದ್ದು ಆಗ ಎಂದು ಶಟಲ್ ಹೇಳುತ್ತಾಳೆ. ಆ ಎರಡನೇ ಸಲ ಏನು ಹೇಳಿದಿರಿ ಎಂದು ನಾನೂ ಕೇಳಿದೆ. ನನಗೂ ಅದೇ ಉತ್ತರ ಸಿಕ್ಕಿತು.

ಶಟಲ್ ಈಗ ಪದವಿ ಮುಗಿಸಿ ಮಕ್ಕಳಿಗೆ ಬ್ಯಾಡ್ಮಿಂಟನ್ ಕಲಿಸುತ್ತಾಳೆ. ಡಾಕ್ಟರ ಬಳಿ ಮತ್ತೆ ಹೋಗತೊಡಗಿದಳು, ಅವರು ಸಾಕು ಎಂದಾಗಲೇ ಮಾತ್ರೆ ನಿಲ್ಲಿಸಿದಳು. ಆ ಬೆಂಚಿನ ಮೇಲೆ ತಾನು ಕೂತು ನೋಡಿದ್ದನ್ನು ತನ್ನಂಥ ಇಬ್ಬರು ಮೂವರಿಗೆ ಅವಳೇ ಹೇಳಿದಳು. ಅವರು ಇನ್ನಷ್ಟು ಜನಕ್ಕೆ ಹೇಳಿದರು. ಈ ವರ್ಷ ಆ ಕೊಠಡಿಗೆ ಬಂದು ತಾವು ಯಾರೆಂದು ಹೇಳಿಕೊಂಡ ವಿದ್ಯಾರ್ಥಿಗಳು ಇಪ್ಪತ್ತಕ್ಕೂ ಹೆಚ್ಚು ಎನ್ನುತ್ತಾರೆ ಸಮಾಲೋಚಕಿ. ಬೇರೆ ಕಾಲೇಜುಗಳ ಸಮಾಲೋಚಕರು ಬಂದು ನೋಡಿ, ನಮಗೂ ಇಂಥದ್ದು ಬೇಕು ಎಂದರು. ಮೇಸ್ತ್ರಿಗೆ ಬೇಕಿರುವುದು ಇಷ್ಟೇ: ಹೊಸ ಕಟ್ಟಡ ಕಟ್ಟುವವರು ಇಂಥ ಕೊಠಡಿಯನ್ನು ಮೊದಲೇ ಸರಿಯಾಗಿ ಕಟ್ಟಲಿ. ತನ್ನನ್ನು ನೆಲದ ಮೇಲೆ ಮಲಗಿಸದಿರಲಿ.

“ನಾನು ಮಾಡಿದ ಕುರ್ಚಿ ಚೆನ್ನಾಗಿದ್ರೆ ಜನ ಕೂತು ಹೇಳ್ತಾರೆ. ಕಪಾಟು ಚೆನ್ನಾಗಿದ್ರೆ ತೆಗೆದು ನೋಡ್ತಾರೆ. ಈ ಬಾಗಿಲು ಚೆನ್ನಾಗಿದ್ರೆ ನನಗೆ ಏನೂ ಗೊತ್ತಾಗಬಾರದು. ಬಾಗಿಲು ತಿರುಗಿ ಕೂರಿಸಿದ ದಿನ ಆ ಹುಡುಗಿ ಮೇಡಂ ಹತ್ರ ಏನು ಮಾತಾಡಿದ್ಲು ಅಂತ ಇವತ್ತಿನವರೆಗೂ ನನಗೆ ಗೊತ್ತಿಲ್ಲ” ಎಂದು ಹೇಳುವಾಗ ಅವರ ಬೆನ್ನು ನೆಟ್ಟಗಾಗುತ್ತದೆ.

ಬಾಗಿಲು ಕೂರಿಸಿದ ಆ ಬೆಳಿಗ್ಗೆ ಶಟಲ್ ಹಾಸ್ಟೆಲಿಗೆ ಮರಳಲಿಲ್ಲ. ಮೇಡಂ ಎಷ್ಟು ಗಂಟೆಗೆ ಬರ್ತಾರೆ ಎಂದು ಕೇಳಿ ಬೆಂಚಿನ ಮೇಲೇ ಕೂತಳು. ಏಳೂವರೆಗೆ ಸಮಾಲೋಚಕಿ ಬಂದರು. ಯಾರು ಮೊದಲು ಕ್ಷಮೆ ಕೇಳಿದರು ಎನ್ನುವುದನ್ನು ಮೇಸ್ತ್ರಿ ನೋಡಲಿಲ್ಲ, ಅವರು ಸ್ಕ್ರೂ ಹೆಕ್ಕುತ್ತಿದ್ದರು. ಇಬ್ಬರೂ ಒಳಗೆ ಹೋದರು, ಬಾಗಿಲು ಮುಚ್ಚಿತು, ತಳದ ಪಟ್ಟಿ ನೆಲಕ್ಕೆ ಇಳಿಯಿತು. ಮಗಳು ಮೀಟರನ್ನು ಬೆಂಚಿನ ಮೇಲಿಟ್ಟಳು. ಅವರು ಒಳಗೆ ಹೋಗುವ ಮುಂಚೆ, ಯಾರೂ ಮಾತಾಡದಿದ್ದಾಗ ಕಾರಿಡಾರಿನ ಸದ್ದನ್ನು ಅವಳು ಅಳೆದಿದ್ದಳು, ಮೂವತ್ತನಾಲ್ಕು ಡೆಸಿಬಲ್. ಒಳಗೆ ಮಾತು ನಡೆಯುತ್ತಿದ್ದಾಗ ಮತ್ತೆ ಅಳೆದಳು. ಮೂವತ್ತನಾಲ್ಕು ಡೆಸಿಬಲ್.